ಮಲ್ಲಿಗೆ ಎಂದರೆ ಯಾವ ಮಲ್ಲಿಗೆ?

ತಂತ್ರಾಂಶ ಪ್ಯಾಕೇಜುಗಳ ಹೆಸರು ಮತ್ತು ಹಂಚಿಕೆ: ಒಂದು ವಿಮರ್ಶೆ

ಹೂವಿನ ಅಂಗಡಿಯ ಮುಂದೆ ನಿಂತು ‘ಮಲ್ಲಿಗೆ ಕೊಡಿ’ ಎಂದು ಕೇಳಿ ನೋಡಿ. ‘ಯಾವ ಮಲ್ಲಿಗೆ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಭಟ್ಕಳ ಮಲ್ಲಿಗೆಯೇ, ಉಡುಪಿ ಮಲ್ಲಿಗೆಯೇ, ಮೈಸೂರು ಮಲ್ಲಿಗೆಯೇ? ಮೂರೂ ಮಲ್ಲಿಗೆಗಳೇ. ಆದರೆ ಮೊಗ್ಗಿನ ಆಕಾರ, ಕಂಪು, ಬಾಳಿಕೆ, ಬೆಲೆ ಇವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಊರಿನ ಹೆಸರು ಸೇರಿದಾಗಲೇ ಹೂವಿನ ಗುರುತು ಪೂರ್ಣವಾಗುತ್ತದೆ.

ಈಗ ನಿಮ್ಮ ಶಾಲೆಯ ಗಣಕ ಕೊಠಡಿಗೆ ಬನ್ನಿ. ಪಕ್ಕದ ಊರಿನ ಶಿಕ್ಷಕರೊಬ್ಬರು ಪೆನ್‌ಡ್ರೈವ್ ಕೈಗಿತ್ತು, ‘ಇದರಲ್ಲಿ ಹೊಸ ತಂತ್ರಾಂಶ ಇದೆ, ಹಾಕಿಕೊಳ್ಳಿ’ ಎನ್ನುತ್ತಾರೆ. ತೆರೆದು ನೋಡಿದರೆ ‘ನ್ಯೂ’, ‘ಫೈನಲ್’, ‘ಫೈನಲ್ 2’ ಎಂಬ ಹೆಸರಿನ ಕಡತಗಳು ಸಾಲಾಗಿ ನಿಂತಿರುತ್ತವೆ. ಇದು ಯಾವ ತಂತ್ರಾಂಶ? ಎಷ್ಟನೆಯ ಆವೃತ್ತಿ? ಯಾವ ಬಗೆಯ ಗಣಕಕ್ಕೆ ಸಿದ್ಧಪಡಿಸಿದ್ದು? ಯಾರು ಸಿದ್ಧಪಡಿಸಿದ್ದು? ಹೂವು ಕೊಳ್ಳುವಾಗ ಏಳುವ ಪ್ರಶ್ನೆ ಇಲ್ಲಿ ನಮಗೆ ಏಳುವುದೇ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕೆಲವು ಗಣಕ ಕೊಠಡಿಗಳಲ್ಲಿ ಓಡಾಡಿದ ನನಗೆ, ಈ ಅಲಕ್ಷ್ಯ ಸಣ್ಣದಲ್ಲ ಎನಿಸಿದೆ. ಅದರ ವಿಮರ್ಶೆಯೇ ಈ ಲೇಖನ.

ಸಂಪ್ರದಾಯಸ್ಥ ವ್ಯವಸ್ಥೆ ಎಂದರೇನು?

ಗಣಕದ ಕಾರ್ಯಾಚರಣ ವ್ಯವಸ್ಥೆಗಳಲ್ಲಿಯೂ ಸ್ವಭಾವ ಭೇದವುಂಟು. ಕೆಲವು ಆರು ತಿಂಗಳಿಗೊಮ್ಮೆ ರೂಪ ಬದಲಿಸುತ್ತವೆ. ಕೆಲವು ‘ಸರಿಯಾಗಿ ನಡೆಯುತ್ತಿರುವುದನ್ನು ಕೆದಕಬೇಡ’ ಎಂಬ ಧೋರಣೆಯವು. ಲಿನಕ್ಸ್ ಕುಟುಂಬದಲ್ಲಿ ಈ ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಸ್ಲ್ಯಾಕ್‌ವೇರ್. ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರು 1993ರ ಜುಲೈಯಲ್ಲಿ ಇದರ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಇಂದಿಗೂ ನಡೆದುಬರುತ್ತಿರುವ ಲಿನಕ್ಸ್ ವಿತರಣೆಗಳಲ್ಲಿ ಅತ್ಯಂತ ಹಳೆಯದು ಇದೇ. ಇದರ 14.2ನೇ ಆವೃತ್ತಿ 2016ರ ಜುಲೈಯಲ್ಲಿ ಬಂತು. ಅದರ ಮುಂದಿನ 15.0 ಬಂದದ್ದು 2022ರ ಫೆಬ್ರವರಿಯಲ್ಲಿ. ನಡುವೆ ಐದೂವರೆ ವರ್ಷ! ಆದರೆ ಈ ಅವಧಿಯಲ್ಲಿ ಸುರಕ್ಷತೆಯ ತಿದ್ದುಪಡಿಗಳು ನಿಲ್ಲದೆ ಬರುತ್ತಿದ್ದವು ಎಂಬುದನ್ನು ಗಮನಿಸಿ.

ಹಳೆಯ ಗಣಕಗಳಿರುವ ಶಾಲೆಗೆ ಇಂಥ ವ್ಯವಸ್ಥೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ಅನೇಕ ಕೊಠಡಿಗಳಲ್ಲಿ 32 ಬಿಟ್ ಸಂಸ್ಕಾರಕದ ಯಂತ್ರಗಳು ಉಪ್ಪುಗಾಳಿಯನ್ನೂ ವಿದ್ಯುತ್ತಿನ ಏರಿಳಿತವನ್ನೂ ತಾಳಿಕೊಂಡು ಉಳಿದಿವೆ. ಹೆಸರುವಾಸಿಯಾದ ಡೆಬಿಯನ್ ವ್ಯವಸ್ಥೆಯೂ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಇಂಟೆಲ್ ಬಗೆಯ ಗಣಕಗಳಿಗೆ ಸ್ಥಾಪನಾ ಮಾಧ್ಯಮ ಕೊಡುವುದನ್ನು ನಿಲ್ಲಿಸಿದೆ. ಸ್ಲ್ಯಾಕ್‌ವೇರ್ 15.0ರಲ್ಲಿ ಮಾತ್ರ 32 ಬಿಟ್ ರೂಪ ಉಳಿದಿದೆ.

ಆದರೆ ಸಂಪ್ರದಾಯಸ್ಥರ ಮನೆಯಲ್ಲಿ ಎಲ್ಲ ಸಾಮಾನೂ ಇರುವುದಿಲ್ಲ. ಮೂಲ ವ್ಯವಸ್ಥೆಯಲ್ಲಿ ಇರದ ತಂತ್ರಾಂಶ ಬೇಕಾದಾಗ ನಾವೇ ಅದರ ಆಕರ ಕಡತಗಳನ್ನು ತಂದು, ಗಣಕಕ್ಕೆ ತಿಳಿಯುವ ರೂಪಕ್ಕೆ ಪರಿವರ್ತಿಸಿ, ಒಂದೇ ಕಟ್ಟಾಗಿ ಕಟ್ಟಬೇಕು. ಹೀಗೆ ಕಟ್ಟಿದ ಗಂಟೇ ‘ಪ್ಯಾಕೇಜು’. ಕಟ್ಟಿದ ಮೇಲೆ ಅದಕ್ಕೊಂದು ಹೆಸರಿಡಬೇಕು. ತೊಡಕು ಆರಂಭವಾಗುವುದು ಅಲ್ಲಿ.

ಹೆಸರಿನ ನಾಲ್ಕು ಅಂಗಗಳು

ಸ್ಲ್ಯಾಕ್‌ವೇರ್ 14.2ರಲ್ಲಿ ಭಾರತೀಯ ಲಿಪಿಗಳ ಅಕ್ಷರಶೈಲಿಗಳಿಗಾಗಿ ಒಂದು ಪ್ಯಾಕೇಜು ಇತ್ತು. ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿರುವ ಅದರ ಹೆಸರನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

ಟಿಟಿಎಫ್-ಇಂಡಿಕ್-ಫಾಂಟ್ಸ್-0.5.14-ನೋಆರ್ಚ್-1

ಇದನ್ನು ಓದುವ ಕ್ರಮ ಸ್ವಾರಸ್ಯಕರವಾಗಿದೆ. ಎಡದಿಂದಲ್ಲ, ಬಲದಿಂದ ಓದಬೇಕು. ಬಲತುದಿಯ ‘1’ ಎಂಬುದು ಕಟ್ಟಿನ ಸಂಖ್ಯೆ, ಅಂದರೆ ಅದೇ ತಂತ್ರಾಂಶವನ್ನು ಎಷ್ಟನೆಯ ಸಲ ಕಟ್ಟಿದ್ದು ಎಂಬ ಲೆಕ್ಕ. ಅದರ ಎಡಕ್ಕಿರುವ ‘ನೋಆರ್ಚ್’ ಎಂದರೆ ಇದು ಯಾವುದೇ ಬಗೆಯ ಸಂಸ್ಕಾರಕಕ್ಕೂ ಹೊಂದುತ್ತದೆ ಎಂದರ್ಥ. ಅಕ್ಷರಶೈಲಿಗಳು ಬರಿಯ ದತ್ತಾಂಶವಾದ್ದರಿಂದ ಇದು ಸಹಜ. ಓಡುವ ತಂತ್ರಾಂಶವಾದರೆ ಇಲ್ಲಿ 32 ಬಿಟ್ ಯಂತ್ರಕ್ಕೆ ‘ಐ586’, 64 ಬಿಟ್ ಯಂತ್ರಕ್ಕೆ ‘ಎಕ್ಸ್86_64’ ಎಂದಿರುತ್ತದೆ. ಇನ್ನೂ ಎಡಕ್ಕಿರುವ ‘0.5.14’ ಆವೃತ್ತಿ. ಉಳಿದದ್ದೆಲ್ಲವೂ ಹೆಸರು. ಹೆಸರಿನೊಳಗೆ ಎಷ್ಟು ಅಡ್ಡಗೆರೆಗಳಿದ್ದರೂ ತೊಂದರೆಯಿಲ್ಲ. ಬಲಗಡೆಯ ಮೂರು ಅಡ್ಡಗೆರೆಗಳನ್ನು ಎಣಿಸಿ ಬಿಟ್ಟರೆ ಹೆಸರು ತಾನಾಗಿ ಉಳಿಯುತ್ತದೆ. ಹಾಗಾಗಿ ಆವೃತ್ತಿಯಲ್ಲಿ ಮಾತ್ರ ಅಡ್ಡಗೆರೆ ಬರಕೂಡದು. ಇದ್ದರೆ ಅದನ್ನು ಅಡಿಗೆರೆಯಾಗಿ ಬದಲಿಸಬೇಕು.

ಮೂಲ ವ್ಯವಸ್ಥೆಯ ಹೊರಗಿನವರು ಪ್ಯಾಕೇಜು ಕಟ್ಟಿದಾಗ ಕಟ್ಟಿನ ಸಂಖ್ಯೆಯ ಬಾಲಕ್ಕೆ ತಮ್ಮ ಗುರುತನ್ನು ಸೇರಿಸುವುದು ವಾಡಿಕೆ. 2006ರಲ್ಲಿ ಆರಂಭವಾದ ಸ್ಲ್ಯಾಕ್‌ಬಿಲ್ಡ್ಸ್ ಎಂಬ ಸಮುದಾಯ ಯೋಜನೆಯ ಸೂತ್ರದಿಂದ ಕಟ್ಟಿದ್ದಕ್ಕೆ ‘1_ಎಸ್‌ಬಿಒ’ ಎಂದೂ, ನೆದರ್ಲೆಂಡ್ಸ್‌ನ ಎರಿಕ್ ಹಾಮೆಲೆರ್ಸ್ ಅವರು ಕಟ್ಟಿದ್ದಕ್ಕೆ ‘1ಏಲಿಯನ್’ ಎಂದೂ ಕೊನೆಯಿರುತ್ತದೆ. ಮಲ್ಲಿಗೆಯ ಹಿಂದಿನ ‘ಭಟ್ಕಳ’ ಇಲ್ಲಿ ಬಾಲವಾಗಿ ಬಂದಿದೆ, ಅಷ್ಟೆ. ಬಾಲವಿಲ್ಲದಿದ್ದರೆ ಅದು ಮೂಲ ವ್ಯವಸ್ಥೆಯವರೇ ಕಟ್ಟಿದ್ದು ಎಂದು ತಿಳಿಯಬೇಕು.

ರಸಾಯನಶಾಸ್ತ್ರ ಪ್ರಯೋಗಾಲಯದ ಬಾಟಲಿಗೆ ಅಂಟಿಸಿದ ಚೀಟಿಯನ್ನು ನೆನಪಿಸಿಕೊಳ್ಳಿ. ದ್ರಾವಣದ ಹೆಸರು, ಸಾರತೆ, ತಯಾರಿಸಿದ ದಿನ, ತಯಾರಿಸಿದವರ ಸಹಿ ಇವಿಷ್ಟೂ ಇದ್ದರೆ ಮಾತ್ರ ಅದನ್ನು ಬಳಸಲು ನಾವು ಧೈರ್ಯ ಮಾಡುತ್ತೇವೆ. ಪ್ಯಾಕೇಜಿನ ಹೆಸರು ಕೂಡ ಅಂಥದೇ ಚೀಟಿ.

ಗ್ರಹಣದ ಹಿಂದಿನ ದಿನ

ಚೀಟಿ ಇಲ್ಲದಿದ್ದರೆ ಏನಾಗುತ್ತದೆ? ನಾನು ಪಾಲುಗೊಂಡ ಒಂದು ಪ್ರಸಂಗವನ್ನೇ ಹೇಳುತ್ತೇನೆ. ತಪ್ಪಿನಲ್ಲಿಯೂ ನನ್ನ ಪಾಲಿದೆ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿಮಗೆ ನೆನಪಿರಬಹುದು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾಗಿ ಕಂಡ. ನಮ್ಮ ಕರಾವಳಿಯ ಈ ಮೂರು ತಾಲ್ಲೂಕುಗಳು ಆ ಪಟ್ಟಿಯಿಂದ ಉತ್ತರಕ್ಕಿದ್ದುದರಿಂದ ಇಲ್ಲಿ ಅದು ಪಾರ್ಶ್ವಗ್ರಹಣ. ‘ಅಲ್ಲಿ ಬಳೆ, ಇಲ್ಲಿ ಕುಡುಗೋಲು. ಇದು ಯಾಕೆ ಸರ್?’ ಎಂದು ಮಕ್ಕಳು ಕೇಳುವುದು ಖಂಡಿತ. ಅದನ್ನು ತೋರಿಸಲು ಹೊನ್ನಾವರ ಕಡೆಯ ಒಂದು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಸ್ಟೆಲೇರಿಯಂ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿದ್ದರು. ಇದು ಗಣಕದ ಪರದೆಯನ್ನೇ ತಾರಾಲಯವಾಗಿಸುತ್ತದೆ. ಊರು ಬದಲಿಸಿದರೆ ಆಕಾಶವೂ ಬದಲಾಗುತ್ತದೆ.

ಆ ಕೊಠಡಿಯಲ್ಲಿದ್ದದ್ದು ಸ್ಲ್ಯಾಕ್‌ವೇರ್ 14.2ರ 32 ಬಿಟ್ ರೂಪ. ಅದರಲ್ಲಿ ಸ್ಟೆಲೇರಿಯಂ ಇರಲಿಲ್ಲ. ಅದಕ್ಕೆ ಆಧಾರವಾದ ಕ್ಯೂಟಿ5 ಎಂಬ ತಂತ್ರಾಂಶ ಭಂಡಾರವೂ ಇರಲಿಲ್ಲ. ಎರಡನ್ನೂ ನಾವೇ ಕಟ್ಟಿದ್ದೆವು. ಹಳೆಯ ಯಂತ್ರದಲ್ಲಿ ಕ್ಯೂಟಿ5 ಕಟ್ಟುವುದೆಂದರೆ ಹಗಲು ರಾತ್ರಿಯ ಕೆಲಸ. ಅಷ್ಟೆಲ್ಲ ಮಾಡಿದ ನಾವು ಹೆಸರಿನ ಬಾಲಕ್ಕೆ ನಮ್ಮ ಗುರುತು ಸೇರಿಸಲಿಲ್ಲ. ‘ನಮ್ಮದೇ ಕೊಠಡಿ, ನಮಗೆ ಗೊತ್ತಿಲ್ಲವೇ?’ ಎಂಬ ಭಾವ.

ಡಿಸೆಂಬರ್‌ನಲ್ಲಿ ಇನ್ನೊಬ್ಬರು ಗಣಕಗಳನ್ನು ಶುಚಿಗೊಳಿಸಲು ಬಂದರು. ಸ್ಲ್ಯಾಕ್‌ವೇರ್‌ನ ‘ಸ್ಲ್ಯಾಕ್‌ಪಿಕೆಜಿ’ ಎಂಬ ಸಲಕರಣೆಗೆ ‘ಕ್ಲೀನ್-ಸಿಸ್ಟಮ್’ ಎಂಬ ಆದೇಶವುಂಟು. ಮೂಲ ಭಂಡಾರದಲ್ಲಿ ಇಲ್ಲದ ಪ್ಯಾಕೇಜುಗಳನ್ನೆಲ್ಲ ಅದು ಪಟ್ಟಿ ಮಾಡಿ, ತೆಗೆದುಹಾಕಲೇ ಎಂದು ಕೇಳುತ್ತದೆ. ಬಾಲವಿಲ್ಲದ ನಮ್ಮ ಪ್ಯಾಕೇಜುಗಳು ಹಿಂದಿನ ಆವೃತ್ತಿಯ ಹಳೆಯ ಉಳಿಕೆಗಳಂತೆ ಕಂಡವು. ಅವರು ಒಪ್ಪಿಗೆ ಒತ್ತಿದರು. ಎರಡೂ ಹೋದವು. ಅವರ ತಪ್ಪೇನೂ ಇಲ್ಲ. ಗುರುತು ಸೇರಿಸಿ, ಆ ಗುರುತುಳ್ಳದ್ದನ್ನು ಮುಟ್ಟಬೇಡ ಎಂದು ಸ್ಲ್ಯಾಕ್‌ಪಿಕೆಜಿಯ ನಿಷೇಧ ಪಟ್ಟಿಯಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ನಮ್ಮ ಶ್ರಮ ಉಳಿಯುತ್ತಿತ್ತು.

25ರ ಮಧ್ಯಾಹ್ನ ವಿಷಯ ಗೊತ್ತಾಯಿತು. ಕುಮಟಾ ಕಡೆಯ ಗೆಳೆಯರೊಬ್ಬರು ಪೆನ್‌ಡ್ರೈವಿನಲ್ಲಿ ಒಂದು ಕಡತ ತಂದುಕೊಟ್ಟರು. ಹೆಸರು ‘ಸ್ಟಾರ್-ನ್ಯೂ’. ‘ಇನ್‌ಸ್ಟಾಲ್‌ಪಿಕೆಜಿ’ ಆದೇಶ ಅದನ್ನು ಮರುಮಾತಿಲ್ಲದೆ ಬಿಚ್ಚಿ ಹಾಕಿತು. ತಂತ್ರಾಂಶವನ್ನು ಚಾಲೂ ಮಾಡಿದರೆ ‘ಈ ಕಡತವನ್ನು ಓಡಿಸಲಾಗದು’ ಎಂಬ ಸಂದೇಶ! ಅವರು ಅದನ್ನು ಕಟ್ಟಿದ್ದು ತಮ್ಮ 64 ಬಿಟ್ ಲ್ಯಾಪ್‌ಟಾಪಿನಲ್ಲಿ. ಮೊದಲಿದ್ದ ಪೂರ್ಣ ಹೆಸರಿನಲ್ಲಿ ‘ಎಕ್ಸ್86_64’ ಎಂಬುದು ಇದ್ದೇ ಇತ್ತು. ಉದ್ದವಾಯಿತೆಂದು ಅವರು ಹೆಸರನ್ನು ಮೊಟಕು ಮಾಡಿದ್ದರು.

ಮರುದಿನ ಶಿಕ್ಷಕರು ಚೆಂಡು, ದೀಪ ಮತ್ತು ಸೀಮೆಸುಣ್ಣದಿಂದ ಪಾಠ ಮಾಡಿದರು. ಮಕ್ಕಳು ಸೂಜಿರಂಧ್ರದ ರಟ್ಟಿನಲ್ಲಿ ಗ್ರಹಣ ನೋಡಿದರು. ಪಾಠವೇನೋ ಚೆನ್ನಾಗಿಯೇ ಆಯಿತು. ಆದರೆ ಚೆರುವತ್ತೂರಿನ ಆಕಾಶವನ್ನು ಕುಮಟೆಯ ಆಕಾಶದ ಪಕ್ಕದಲ್ಲಿಟ್ಟು ತೋರಿಸುವ ಅವಕಾಶ ತಪ್ಪಿತು. ಕಾರಣ, ಎರಡು ಹೆಸರುಗಳಲ್ಲಿ ಬಿಟ್ಟುಹೋದ ಎರಡು ಚಿಕ್ಕ ತುಂಡುಗಳು.

ಹೆಸರು ಬದಲಿಸಿದರೆ ಗುರುತೂ ಬದಲು

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಡೆಬಿಯನ್‌ನ ಪ್ಯಾಕೇಜಿನೊಳಗೆ ಒಂದು ನಿಯಂತ್ರಣ ಕಡತವಿರುತ್ತದೆ. ಹೆಸರು, ಆವೃತ್ತಿ, ಯಂತ್ರದ ಬಗೆ, ಅವಲಂಬನೆಗಳು ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಹೊರಗಿನ ಕಡತದ ಹೆಸರನ್ನು ನೀವು ‘ಫೈನಲ್’ ಎಂದು ಬದಲಿಸಿದರೂ ಒಳಗಿನ ಗುರುತು ಹಾಗೆಯೇ ಉಳಿಯುತ್ತದೆ. ಹೊಂದದ ಯಂತ್ರಕ್ಕೆ ಹಾಕಲು ಹೋದರೆ ವ್ಯವಸ್ಥೆಯೇ ನಿರಾಕರಿಸುತ್ತದೆ.

ಸ್ಲ್ಯಾಕ್‌ವೇರ್‌ನಲ್ಲಿ ಹಾಗಿಲ್ಲ. ಕಡತದ ಹೆಸರೇ ಗುರುತು. ನಮ್ಮ ‘ಸ್ಟಾರ್-ನ್ಯೂ’ ಗಣಕದ ದಾಖಲೆಯಲ್ಲಿಯೂ ‘ಸ್ಟಾರ್-ನ್ಯೂ’ ಎಂದೇ ಸೇರಿಕೊಂಡಿತು. ಮುಂದೆ ಸರಿಯಾದ ಹೆಸರಿನ ಸ್ಟೆಲೇರಿಯಂ ತಂದು ‘ಅಪ್‌ಗ್ರೇಡ್‌ಪಿಕೆಜಿ’ ಆದೇಶ ಕೊಟ್ಟಾಗ, ಅಂಥ ಹೆಸರಿನದು ಇಲ್ಲಿ ಇಲ್ಲವೇ ಇಲ್ಲ ಎಂಬ ಉತ್ತರ ಬಂತು. ಹಳೆಯದು ಮೂಲೆಯಲ್ಲಿ ಹಾಗೆಯೇ ಉಳಿಯಿತು. ವರ್ಷ ಕಳೆದ ಮೇಲೆ ಆ ‘ಸ್ಟಾರ್-ನ್ಯೂ’ ಏನೆಂದು ಯಾರಿಗೂ ನೆನಪಿರಲಿಲ್ಲ.

ಸಲಕರಣೆ ತಾನಾಗಿ ಪರೀಕ್ಷಿಸದ ಕಡೆ ಹೆಸರೊಂದೇ ಕಾವಲುಗಾರ. ಆ ಕಾವಲುಗಾರನನ್ನೇ ಮನೆಗೆ ಕಳುಹಿಸಿದರೆ ಉಳಿಯುವುದು ತೆರೆದ ಬಾಗಿಲು. ನನ್ನ ಟೀಕೆಯ ಮುಖ್ಯ ಅಂಶ ಇಷ್ಟೇ.

ಅಡುಗೆ ಹಂಚುವುದೋ, ಅಡುಗೆಯ ಕ್ರಮ ಹಂಚುವುದೋ?

ಹೆಸರು ಸರಿಯಾಯಿತು ಎನ್ನೋಣ. ಹಂಚುವುದು ಹೇಗೆ? ನಮ್ಮಲ್ಲಿ ಚಾಲ್ತಿಯಲ್ಲಿರುವುದು ಸಿದ್ಧ ಪ್ಯಾಕೇಜನ್ನು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿಸುವ ಪದ್ಧತಿ. ಸ್ಲ್ಯಾಕ್‌ಬಿಲ್ಡ್ಸ್ ಯೋಜನೆಯವರ ದಾರಿ ಬೇರೆ. ಅವರು ಸಿದ್ಧ ಪ್ಯಾಕೇಜನ್ನು ಕೊಡುವುದೇ ಇಲ್ಲ. ಕಟ್ಟುವ ಕ್ರಮವನ್ನು ಮಾತ್ರ ಕೊಡುತ್ತಾರೆ. ಪ್ರತಿಯೊಂದು ತಂತ್ರಾಂಶಕ್ಕೂ ಕನಿಷ್ಠ ನಾಲ್ಕು ಚಿಕ್ಕ ಕಡತಗಳಿರುತ್ತವೆ. ಒಂದು, ಕಟ್ಟುವ ಹಂತಗಳ ಆದೇಶಪಟ್ಟಿ. ಎರಡು, ಆಕರ ಎಲ್ಲಿ ಸಿಗುತ್ತದೆ, ಅದರ ತಾಳೆ ಸಂಖ್ಯೆ ಏನು, ಮೊದಲು ಬೇರೆ ಏನೇನು ಬೇಕು, ಇದನ್ನು ನೋಡಿಕೊಳ್ಳುವವರು ಯಾರು ಎಂಬ ಮಾಹಿತಿ. ಮೂರು, ತಂತ್ರಾಂಶದ ಕಿರು ವಿವರಣೆ. ನಾಲ್ಕು, ಬಳಸುವವರಿಗೆ ಸೂಚನೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತವೇ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬರಿಯ ಉತ್ತರ ಬರೆದರೆ ಅಂಕವಿಲ್ಲ. ಉಪಕರಣ, ವಿಧಾನ, ವೀಕ್ಷಣೆ ಎಲ್ಲವನ್ನೂ ಬರೆಯಬೇಕು. ಇನ್ನೊಬ್ಬರು ಅದೇ ಹಾದಿಯಲ್ಲಿ ನಡೆದು ಅದೇ ಫಲಿತಾಂಶಕ್ಕೆ ಬರಲು ಸಾಧ್ಯವಾಗಬೇಕು. ಸಿದ್ಧ ಪ್ಯಾಕೇಜು ಬರಿಯ ಉತ್ತರ. ಕಟ್ಟುವ ಕ್ರಮವೇ ವಿಧಾನ.

ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. ಪ್ಯಾಕೇಜನ್ನು ಸ್ಥಾಪಿಸುವಾಗ ಅದರೊಳಗಿನ ಆದೇಶಗಳು ಗಣಕದ ಮೇಲಧಿಕಾರಿಯ ಹಕ್ಕಿನಿಂದಲೇ ನಡೆಯುತ್ತವೆ. ಯಾರು ಕಟ್ಟಿದ್ದೆಂದು ಗೊತ್ತಿಲ್ಲದ ಪ್ಯಾಕೇಜನ್ನು ಹಾಕುವುದೆಂದರೆ ಮನೆಯ ಬೀಗದ ಕೈಯನ್ನು ಅಪರಿಚಿತರಿಗೆ ಕೊಟ್ಟಂತೆ. ಕಾನೂನಿನ ಪ್ರಶ್ನೆಯೂ ಇದೆ. ಅನೇಕ ಮುಕ್ತ ತಂತ್ರಾಂಶಗಳು ಜಿಪಿಎಲ್ ಎಂಬ ಪರವಾನಗಿಯಲ್ಲಿವೆ. ಅದರಂತೆ ಸಿದ್ಧ ರೂಪವನ್ನು ಹಂಚುವವರು ಅದರ ಆಕರವನ್ನೂ ಒದಗಿಸಬೇಕು. ಆಕರ, ಕಟ್ಟುವ ಕ್ರಮ, ಸಿದ್ಧ ಪ್ಯಾಕೇಜು ಮೂರನ್ನೂ ಒಂದೇ ಕೋಶದಲ್ಲಿಟ್ಟು ಕೊಟ್ಟರೆ ಈ ಹೊಣೆ ಸುಲಭವಾಗಿ ನೆರವೇರುತ್ತದೆ.

‘ಹಳೆಯ ಯಂತ್ರದಲ್ಲಿ ಎಲ್ಲರೂ ಕಟ್ಟುತ್ತಾ ಕೂರಬೇಕೇ?’ ಎಂದು ನೀವು ಕೇಳಬಹುದು. ಬೇಕಾಗಿಲ್ಲ. ಒಂದು ಕೊಠಡಿಯವರು ಕಟ್ಟಿ ಉಳಿದವರಿಗೆ ಕೊಡುವುದೇ ಜಾಣತನ. ಆದರೆ ಕ್ರಮವೂ ಜೊತೆಗಿರಲಿ. ಕಟ್ಟಿದವರು ವರ್ಗವಾಗಿ ಹೋದ ಮೇಲೆ ಉಳಿಯುವುದು ಆ ಕ್ರಮವೇ.

ನಮ್ಮ ಪಕ್ಕದಲ್ಲಿಯೇ ಇನ್ನೊಂದು ಮಾದರಿ ಇದೆ. ಕೇರಳದ ಐಟಿ@ಸ್ಕೂಲ್ ಯೋಜನೆ (2017ರಿಂದ ‘ಕೈಟ್’) ರಾಜ್ಯದ ಶಾಲೆಗಳಿಗೆಲ್ಲ ಒಂದೇ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲಿಯೇ. ಒಂದೇ ಅಡುಗೆಮನೆಯಾದ್ದರಿಂದ ಹೆಸರಿನ ಗೊಂದಲ ಕಡಿಮೆ. ಆದರೆ ಯಾವುದೇ ದೊಡ್ಡ ಅಡುಗೆಮನೆಯಲ್ಲಿಯೂ ಒಂದು ಊರಿಗೆ ಮಾತ್ರ ಬೇಕಾದ ವ್ಯಂಜನ ಬೇಯುವುದಿಲ್ಲ. ಸ್ಥಳೀಯವಾಗಿ ಕಟ್ಟುವ ಮತ್ತು ಹಂಚುವ ಶಿಸ್ತು ಆಗಲೂ ಬೇಕೇ ಬೇಕು.

ವ್ಯವಸ್ಥೆಯ ಕೊರತೆಗಳು

ತಪ್ಪೆಲ್ಲ ನಮ್ಮದೇ ಎಂದರೆ ವಿಮರ್ಶೆ ಏಕಪಕ್ಷೀಯವಾದೀತು. ಸ್ಲ್ಯಾಕ್‌ವೇರ್ ಪದ್ಧತಿಯಲ್ಲಿಯೂ ಕೊರತೆಗಳಿವೆ.

ಮೊದಲನೆಯದು, ಯಂತ್ರದ ಬಗೆಯನ್ನು ಹೆಸರಿನಲ್ಲಿ ಬರೆದ ಮೇಲೂ ಸಲಕರಣೆ ಅದನ್ನು ಓದಿ ಎಚ್ಚರಿಸುವುದಿಲ್ಲ. ಎರಡನೆಯದು, ಆವೃತ್ತಿಗಳಲ್ಲಿ ಯಾವುದು ಹೊಸದು ಎಂದು ‘ಅಪ್‌ಗ್ರೇಡ್‌ಪಿಕೆಜಿ’ ಹೋಲಿಸುವುದಿಲ್ಲ. ಹಳೆಯದನ್ನು ಕೊಟ್ಟರೂ ಅದನ್ನೇ ಹಾಕುತ್ತದೆ. ಹಿಂದಿನ ಆವೃತ್ತಿಗೆ ಮರಳಬೇಕಾದಾಗ ಇದು ಅನುಕೂಲ, ಗಮನವಿಲ್ಲದವರಿಗೆ ಅಪಾಯ. ಮೂರನೆಯದು, ಅವಲಂಬನೆಗಳ ಪರಿಶೀಲನೆ ಇಲ್ಲ. ಕ್ಯೂಟಿ5 ಇಲ್ಲದಿದ್ದರೂ ಸ್ಟೆಲೇರಿಯಂ ತಕರಾರಿಲ್ಲದೆ ಸ್ಥಾಪನೆಯಾಗುತ್ತದೆ, ಆದರೆ ಓಡುವುದಿಲ್ಲ. ನಾಲ್ಕನೆಯದು, ಬಾಲದ ಗುರುತು ಬರಿಯ ಸೌಜನ್ಯ. ಇಬ್ಬರು ಒಂದೇ ಗುರುತನ್ನು ಇಟ್ಟುಕೊಂಡರೆ ತಡೆಯುವವರಿಲ್ಲ.

ತಾಳೆ ಸಂಖ್ಯೆಯ ವಿಷಯವನ್ನೂ ಹೇಳಬೇಕು. ಸ್ಲ್ಯಾಕ್‌ಬಿಲ್ಡ್ಸ್‌ನ ಮಾಹಿತಿ ಕಡತದಲ್ಲಿ ಎಂಡಿ5 ಎಂಬ ತಾಳೆ ಸಂಖ್ಯೆ ಇರುತ್ತದೆ. ಪ್ರತಿ ಮಾಡುವಾಗ ಕಡತ ಕೆಟ್ಟಿದ್ದರೆ ಇದರಿಂದ ತಿಳಿಯುತ್ತದೆ. ಆದರೆ ಒಂದೇ ಎಂಡಿ5 ಸಂಖ್ಯೆ ಬರುವ ಎರಡು ಬೇರೆ ಕಡತಗಳನ್ನು ಬೇಕೆಂದೇ ರಚಿಸಬಹುದೆಂದು 2004ರಲ್ಲಿಯೇ ಗಣಿತಜ್ಞರು ತೋರಿಸಿದರು. ಆದ್ದರಿಂದ ನಾವು ಹಂಚುವಾಗ 64 ಅಂಕಿ-ಅಕ್ಷರಗಳ ಎಸ್‌ಎಚ್‌ಎ-256 ಸಂಖ್ಯೆಯನ್ನು ಬಳಸುವುದು ಮೇಲು.

ಇಷ್ಟಿದ್ದರೂ ಈ ಸರಳ ಪದ್ಧತಿಗೆ ಒಂದು ದೊಡ್ಡ ಗುಣವಿದೆ. ಕಟ್ಟುವ ಕ್ರಮವನ್ನು ಪದವಿಪೂರ್ವ ವಿದ್ಯಾರ್ಥಿಯೂ ಒಂದು ದಿನದಲ್ಲಿ ಓದಿ ಅರ್ಥಮಾಡಿಕೊಳ್ಳಬಹುದು. ಡೆಬಿಯನ್‌ನ ಕ್ರಮ ಹೆಚ್ಚು ಭದ್ರ. ಆದರೆ ಕಲಿಯಲು ಹೆಚ್ಚು ಕಾಲ ಬೇಕು.

ಕನ್ನಡದ ಹೆಸರುಗಳ ಪಾಡು

ಕನ್ನಡಕ್ಕೆ ಸಂಬಂಧಿಸಿದ ಪ್ಯಾಕೇಜುಗಳಲ್ಲಿ ಹೆಸರಿನ ಸಮಸ್ಯೆ ಇನ್ನಷ್ಟು ಜಟಿಲ. ಕೇದಗೆ, ಮಲ್ಲಿಗೆ ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್‌ನಲ್ಲಿ ಹಿಂದೆ ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಪ್ಯಾಕೇಜಿನಲ್ಲಿ ಬರುತ್ತಿದ್ದವು. ಮುಂದೆ ಹೆಸರಿಡುವ ಕ್ರಮ ಬದಲಾಗಿ ‘ಫಾಂಟ್ಸ್-ಕೆಎನ್‌ಡಿಎ’ ಬಂತು. ಅದು ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳನ್ನು ಒಟ್ಟಿಗೆ ತರಿಸುತ್ತದೆ. ಹಳೆಯ ಟಿಪ್ಪಣಿ ನೋಡಿ ಹಳೆಯ ಹೆಸರನ್ನು ಹುಡುಕುವ ಶಿಕ್ಷಕರಿಗೆ ‘ಅಂಥ ಪ್ಯಾಕೇಜು ಇಲ್ಲ’ ಎಂಬ ಉತ್ತರ ಸಿಕ್ಕರೆ, ಕನ್ನಡವನ್ನೇ ಕೈಬಿಟ್ಟಿದ್ದಾರೆ ಎನಿಸುವುದು ಸಹಜ.

‘ಕೆಎನ್‌ಡಿಎ’ ಎಂದರೇನು? ಅಂತರರಾಷ್ಟ್ರೀಯ ಮಾನಕದಲ್ಲಿ ಕನ್ನಡ ಭಾಷೆಯ ಸಂಕೇತ ‘ಕೆಎನ್’, ಕನ್ನಡ ಲಿಪಿಯ ಸಂಕೇತ ‘ಕೆಎನ್‌ಡಿಎ’. ಅಕ್ಷರಶೈಲಿ ಸೇರುವುದು ಲಿಪಿಗೆ. ಕನ್ನಡ ಲಿಪಿಯಲ್ಲಿ ತುಳು, ಕೊಂಕಣಿ, ಕೊಡವ ಭಾಷೆಗಳನ್ನೂ ಬರೆಯುತ್ತೇವಲ್ಲವೇ? ಹೀಗಾಗಿ ಲಿಪಿಯ ಸಂಕೇತವೇ ಸರಿ. ಆದರೆ ದೇಶಗಳ ಸಂಕೇತಪಟ್ಟಿಯಲ್ಲಿ ‘ಕೆಎನ್’ ಎಂದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶ! ಯಾವ ಪಟ್ಟಿಯ ಸಂಕೇತವೆಂದು ತಿಳಿಯದೆ ಹೆಸರಿಟ್ಟರೆ ಗೊಂದಲ ತಪ್ಪದು.

ರೋಮನ್ ಲಿಪಿಯಲ್ಲಿ ಕನ್ನಡ ಹೆಸರುಗಳನ್ನು ಬರೆಯುವಾಗಿನ ಕಾಗುಣಿತ ಇನ್ನೊಂದು ತೊಡಕು. ಇದು ನಮ್ಮ ಊರುಗಳಿಗೆ ಹೊಸತಲ್ಲ. ಪೋರ್ಚುಗೀಸರ ಬರಹಗಳಲ್ಲಿ ಹೊನ್ನಾವರ ‘ಓನೋರ್’ ಆಗಿದೆ, ಭಟ್ಕಳ ‘ಬಟಿಕಲ’ ಆಗಿದೆ. ಇಂದಿಗೂ ಹೊನ್ನಾವರವನ್ನು ಒಂದು ‘ಎನ್’ ಹಾಕಿ ಬರೆಯುವವರಿದ್ದಾರೆ, ಎರಡು ಹಾಕುವವರೂ ಇದ್ದಾರೆ. ಮನುಷ್ಯರಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಊರುಗಳು.

ರೈಲ್ವೆಯವರು ಇದಕ್ಕೆ ಸರಳ ಪರಿಹಾರ ಕಂಡುಕೊಂಡಿದ್ದಾರೆ. ಕೊಂಕಣ ರೈಲ್ವೆಯಲ್ಲಿ ಭಟ್ಕಳಕ್ಕೆ ‘ಬಿಟಿಜೆಎಲ್’, ಹೊನ್ನಾವರಕ್ಕೆ ‘ಎಚ್‌ಎನ್‌ಎ’, ಕುಮಟೆಗೆ ‘ಕೆಟಿ’ ಎಂಬ ಸಂಕೇತಗಳಿವೆ. ಹೆಸರಿನ ಕಾಗುಣಿತ ಏನೇ ಇರಲಿ, ಸಂಕೇತ ಒಂದೇ. ದೇಶದ ಬೇರೆ ನಿಲ್ದಾಣಕ್ಕೆ ಅದೇ ಸಂಕೇತ ಇರುವುದಿಲ್ಲ.

ನಾವು ಮಾಡಬಹುದಾದದ್ದು

ಟೀಕಿಸಿ ಸುಮ್ಮನಾಗುವುದು ಸರಿಯಲ್ಲ. ಈ ಕೆಳಗಿನ ಐದು ನಿಯಮಗಳನ್ನು ನಿಮ್ಮ ಮುಂದಿಡುತ್ತೇನೆ.

1. ಪ್ಯಾಕೇಜಿನ ಹೆಸರಿನ ನಾಲ್ಕು ಅಂಗಗಳಲ್ಲಿ ಯಾವುದನ್ನೂ ಬಿಡಬೇಡಿ. ಕಟ್ಟಿದ ಮೇಲೆ ಕಡತದ ಹೆಸರನ್ನು ಬದಲಿಸಲೇಬೇಡಿ. ಉದ್ದವಾಯಿತೆಂದು ಬೇಸರಿಸಬೇಡಿ.

2. ನಿಮ್ಮ ಕೊಠಡಿಗೆ ಒಂದು ಗುರುತು ನಿಗದಿ ಮಾಡಿಕೊಳ್ಳಿ. ರೈಲು ನಿಲ್ದಾಣದ ಸಂಕೇತವನ್ನೇ ಬಳಸಿ ಅದರ ಮುಂದೆ ಕೊಠಡಿಯ ಸಂಖ್ಯೆ ಹಾಕಬಹುದು. ಹೊನ್ನಾವರದ ಮೂರನೆಯ ಕೊಠಡಿ ಕಟ್ಟಿದ ಮೊದಲ ಪ್ಯಾಕೇಜು ‘1_ಎಚ್‌ಎನ್‌ಎ3’ ಎಂದು ಕೊನೆಗೊಳ್ಳಲಿ. ಮೂರು ಊರುಗಳ ಗುರುತುಗಳನ್ನೂ ಪ್ರತಿಯೊಂದು ಗಣಕದ ನಿಷೇಧ ಪಟ್ಟಿಯಲ್ಲಿ ಬರೆಯಿರಿ. ಮೂರೇ ಸಾಲುಗಳ ಕೆಲಸ.

3. ಇನ್ನೊಬ್ಬರು ಕಟ್ಟಿದ್ದನ್ನು ತಿದ್ದಿದರೆ ಅವರ ಗುರುತನ್ನು ತೆಗೆದು ನಿಮ್ಮದನ್ನು ಹಾಕಿ. ನಿಮ್ಮ ತಪ್ಪಿಗೆ ಅವರು ಹೊಣೆಯಾಗಬಾರದು. ಮೂಲ ಯಾರದೆಂಬುದನ್ನು ಸೂಚನೆಯ ಕಡತದಲ್ಲಿ ಬರೆಯಿರಿ.

4. ಸಿದ್ಧ ಪ್ಯಾಕೇಜಿನ ಜೊತೆಗೆ ಆಕರ, ಕಟ್ಟುವ ಕ್ರಮ, ಅವಲಂಬನೆಗಳ ಪಟ್ಟಿ, ತಾಳೆ ಸಂಖ್ಯೆ ಇವಿಷ್ಟನ್ನೂ ಒಂದೇ ಕೋಶದಲ್ಲಿಡಿ. ಸೂಚನೆಯನ್ನು ಕನ್ನಡದಲ್ಲಿಯೇ ಬರೆಯಿರಿ.

5. ಅಕ್ಷರಶೈಲಿ ಕೊಡುವಾಗ ಅದು ಯೂನಿಕೋಡ್ ಹೌದೋ ಅಲ್ಲವೋ ಎಂದು ಸ್ಪಷ್ಟವಾಗಿ ತಿಳಿಸಿ. ಹಳೆಯ ಸಂಕೇತ ಕ್ರಮದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ ಬೇರೆ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಂಡ ಅನುಭವ ನಿಮಗೂ ಆಗಿರಬಹುದು.

ಶಿಕ್ಷಕರು ಇದನ್ನು ಒಂದು ಅವಧಿಯ ಚಟುವಟಿಕೆಯಾಗಿಯೂ ಮಾಡಬಹುದು. ನಿಮ್ಮ ಗಣಕ ಕೊಠಡಿಯಲ್ಲಿರುವ ಹತ್ತು ಪ್ಯಾಕೇಜುಗಳ ಹೆಸರನ್ನು ಹಲಗೆಯ ಮೇಲೆ ಬರೆಯಿರಿ. ಬಲದಿಂದ ಎಡಕ್ಕೆ ಓದಿ ಅಂಗಗಳನ್ನು ಬಿಡಿಸಲು ವಿದ್ಯಾರ್ಥಿಗಳಿಗೆ ಹೇಳಿ. ಬಳಿಕ, ಶಾಲೆಯ ಪೆನ್‌ಡ್ರೈವುಗಳಲ್ಲಿರುವ ಕಡತಗಳನ್ನು ತೋರಿಸಿ, ಯಾವುದು ಏನೆಂದು ಹೆಸರಿನಿಂದಲೇ ಹೇಳಲು ಸಾಧ್ಯವೇ ಎಂದು ಕೇಳಿ. ವ್ಯತ್ಯಾಸವನ್ನು ಅವರೇ ಕಂಡುಕೊಳ್ಳುತ್ತಾರೆ.

ಪ್ರಯೋಗಾಲಯದ ಕಪಾಟಿನಲ್ಲಿ ಚೀಟಿ ಇಲ್ಲದ ಬಾಟಲಿ ಸಿಕ್ಕರೆ ನಾವು ಅದರ ರುಚಿ ನೋಡುವುದಿಲ್ಲ, ಮಕ್ಕಳ ಕೈಗೂ ಕೊಡುವುದಿಲ್ಲ. ಪಕ್ಕಕ್ಕಿಟ್ಟು, ಯಾರದೆಂದು ವಿಚಾರಿಸುತ್ತೇವೆ. ಮುಂದಿನ ಸಲ ಯಾರಾದರೂ ‘ಫೈನಲ್ 2’ ಎಂಬ ಕಡತ ಕೊಟ್ಟಾಗ ನೀವೂ ಹಾಗೆಯೇ ಮಾಡಿ. ಹೂವಿನ ಅಂಗಡಿಯ ಪ್ರಶ್ನೆಯನ್ನು ನಗುತ್ತಲೇ ಕೇಳಿ: ‘ಯಾವ ಮಲ್ಲಿಗೆ?’